ಪ್ರಸಾದ ಆಗುವ ಮೊದಲು ಹೋದ ಕಾಗದ

ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಬರುವಾಗ ನಾನು ತಂದ ಸಾಮಾನಿನಲ್ಲಿ ಒಂದು ಕೆಂಪು ಮಸಿಯ ಬಾಟಲಿಯೂ ಇತ್ತು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಆದರೂ ಕೊಂಡಿದ್ದೆ. ಸಿರ್ಸಿಯ ನಮ್ಮ ಮನೆಯಲ್ಲಿ ಅದು ಎರಡು ತಿಂಗಳು ಕಿಟಕಿಯ ಮೇಲೆ ಕೂತಿತ್ತು. ಆಮೇಲೆ ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸವಾಯಿತು. ಅಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡೆ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ಮೂರು ವರ್ಷ. ಕಚೇರಿಯ ಕಾಗದಗಳ ತಲೆಬರಹ ಬದಲಾಗಿತ್ತು. ಮಕ್ಕಳ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕ ಮಾತ್ರ ಹಳೆಯದೇ. ಎಂಟನೆಯ ಇಯತ್ತೆಗೆ ಬಂದ ಮೇಲಷ್ಟೇ ಎ, ಬಿ, ಸಿ, ಡಿ ಕಂಡವರು ಅವರು. ಹನ್ನೊಂದನೆಯ ಇಯತ್ತೆಯ ಹೊತ್ತಿಗೆ ಮುಂದೆ ಮಾಡುವ ಕೆಲಸವನ್ನು ಸರಿಯಾದ ಕ್ರಿಯಾಪದದಲ್ಲಿ ಹೇಳಬೇಕಾಗಿತ್ತು. ನಾನು ಕರಿಹಲಗೆಯ ಮೇಲೆ ಮೂರು ಸಾಲು ಬರೆಯುತ್ತಿದ್ದೆ. ಮಾತಾಡುವ ಹೊತ್ತಿಗೆ ಮನಸ್ಸಿಗೆ ಬಂದದ್ದಾದರೆ 'ಐ ಶಲ್ ಲೀವ್'. ಮೊದಲೇ ಮನಸ್ಸು ಮಾಡಿದ್ದಾದರೆ 'ಐ ಆ್ಯಮ್ ಗೋಯಿಂಗ್ ಟು ಲೀವ್'. ಎಲ್ಲ ಏರ್ಪಾಡೂ ಮುಗಿದು, ಬೇಕಾದವರಿಗೆ ತಿಳಿಸಿಯೂ ಆಗಿದ್ದರೆ 'ಐ ಆ್ಯಮ್ ಲೀವಿಂಗ್ ಟುಮಾರೋ'.

"ಟಿಕೆಟ್ ಕೈಯಲ್ಲಿದ್ದರೆ ಮಾತ್ರ ಮೂರನೆಯದು" ಎಂದು ಸುಲಭ ಮಾಡಿ ಹೇಳಿದ್ದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟಿಕೆಟ್ಟು ಬಸ್ ಹತ್ತಿದ ಮೇಲೆ ಅಲ್ದಾ ಅಕ್ಕೋರೆ ಕೊಡೂದು?"

"ಹತ್ತೂಕೆ ಜಾಗ ಸಿಕ್ರೆ!" ಎಂದಳು ಪಕ್ಕದವಳು.

ತರಗತಿ ನಕ್ಕಿತು. ನಾನು ನಗಲಿಲ್ಲ. ಹೊಸದಾಗಿ ಬಂದವಳು, ನಕ್ಕರೆ ಹಿಡಿತ ತಪ್ಪುತ್ತದೆ ಎಂಬ ಭಯ. ಅತ್ತೆಗೆ ಮಾತ್ರ ಸಂಜೆ ಈ ಕಥೆ ಹೇಳಿದೆ. ಅವಳು ಬೀಸಣಿಗೆಯಿಂದ ಒಲೆಯ ಕೆಂಡಕ್ಕೆ ಗಾಳಿ ಹಾಕುತ್ತ, "ನಾಳೆ ಎಂತ ಮಾಡ್ತೆ ಹೇಳಲೂ ಮೂರು ನಮೂನೆ ಇದ್ದಡ ಇಂಗ್ಲೀಷಲ್ಲಿ! ನಮಗೆ ಒಂದೇ ನಮೂನೆ. ಆದ್ರೆ ಆತು" ಎಂದಳು.

ಆ ತರಗತಿಯಲ್ಲಿ ನಿಲ್ಕುಂದದ ಕಡೆಯಿಂದ ಬಂದು ಪೇಟೆಯಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದು ಓದುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಉಳಿದವರಿಗಿಂತ ಎರಡು ವರ್ಷ ದೊಡ್ಡವಳು. ತಾಯಿ ಬಹಳ ದಿನ ಜ್ವರದಲ್ಲಿ ಮಲಗಿದ್ದಾಗ ಶಾಲೆ ಬಿಟ್ಟು, ಆಕೆ ತೀರಿಕೊಂಡ ಮೇಲೆ ಮತ್ತೆ ಸೇರಿದ್ದಳು. ಸರಕಾರಿ ದವಾಖಾನೆಯ ನರ್ಸೊಬ್ಬರು ಆಗ ಅವಳಿಗೆ ಥರ್ಮಾಮೀಟರ್ ನೋಡುವುದನ್ನು ಕಲಿಸಿದ್ದರಂತೆ. ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲನೆ ತಿರುಗಿಸಿದರೆ ಒಂದು ಕಡೆಯಿಂದ ಮಾತ್ರ ಪಾದರಸದ ಗೆರೆ ಕಾಣುತ್ತದೆ, ಬೇರೆಯವರಿಗೆ ಎಷ್ಟು ತಿರುಗಿಸಿದರೂ ಕಾಣುತ್ತಿರಲಿಲ್ಲ, ತನಗೆ ಮೊದಲ ಸಲವೇ ಕಂಡಿತು ಎಂದು ಹೇಳಿದ್ದಳು. ಅವಳು ತನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನರ್ಸಾಗಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ.

ಅವಳ ಇಂಗ್ಲಿಷಿನಲ್ಲಿ ತಪ್ಪು ಕಡಿಮೆ, 'ಇಫ್' ಹೆಚ್ಚು. ರಜೆಯಲ್ಲಿ ಏನು ಮಾಡುವಿರಿ ಎಂದು ಬರೆಸಿದರೆ, ಮಳೆ ಬಿಟ್ಟರೆ ಗದ್ದೆಗೆ ಹೋಗುತ್ತೇನೆ, ಅಪ್ಪ ಕಳಿಸಿದರೆ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಆಕಳು ಕರು ಹಾಕಿದರೆ ಮನೆಯಲ್ಲೇ ಇರುತ್ತೇನೆ. ಒಂದು ಪುಟದಲ್ಲಿ ಏಳು. ನಾನು ಏಳನ್ನೂ ಕೆಂಪು ಮಸಿಯಲ್ಲಿ ಹೊಡೆದು, ಪಕ್ಕದಲ್ಲಿ 'ನೀನು ಏನು ಮಾಡುತ್ತೀ ಎಂದು ಕೇಳಿದ್ದು, ಆಕಳು ಏನು ಮಾಡುತ್ತದೆ ಎಂದಲ್ಲ' ಎಂದು ಬರೆದೆ. ಆ ಮಾತು ತರಗತಿಯಲ್ಲಿ ಓಡಾಡಿತು. ಹುಡುಗಿಯರು ಅವಳನ್ನು 'ಇಫ್ ಅಕ್ಕ' ಎಂದು ಕರೆಯತೊಡಗಿದರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಆಮೇಲೆ ತರಗತಿಯಲ್ಲಿ 'ಇಫ್' ಬರೆಯಲೂ ಇಲ್ಲ.

ಪರೀಕ್ಷೆಯಲ್ಲಿ ಅವಳು ಪಾಸಾದಳು. ಬಯಲುಸೀಮೆಯ ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿಗೆ ಅರ್ಜಿ ಹಾಕಿದೆವು. ಅರ್ಜಿಗೆ ತಂದೆಯ ಸಹಿ ಬೇಕಾಗಿತ್ತು. ಅವರು ಭತ್ತದ ಗದ್ದೆ ಮಾಡಿಕೊಂಡಿದ್ದ ರೈತ, ಮಾತು ಕಡಿಮೆ. ಶಾಲೆಯ ಜಗಲಿಯಲ್ಲಿ ಕೂತು, ಒಂದೊಂದು ಅಕ್ಷರವನ್ನೂ ಒತ್ತಿ ಸಹಿ ಮಾಡಿದರು.

"ಅರ್ಜಿ ಹಾಕೂಕೆ ಎಂತ ಅಡ್ಡಿ ಇಲ್ಲ, ಅಕ್ಕೋರೆ. ಅವರು ಕರೆದ್ರೆ, ಕಳಸೂದೋ ಬೇಡ್ವೋ ಅಮ್ಮನ ಹತ್ರ ಒಂದು ಮಾತು ಕೇಳೂದು" ಎಂದರು.

ಅಮ್ಮ ಎಂದರೆ ಅವರ ಊರ ದೇವಿ. ನಮ್ಮ ಕಡೆ ಮದುವೆ, ಮನೆ, ದೂರದ ಪ್ರಯಾಣ, ಯಾವುದಕ್ಕೂ ಪ್ರಸಾದ ಕೇಳುವ ರೂಢಿ ಇದೆ. ಪೂಜಾರಿ ಅಡಿಕೆ ಸಿಂಗಾರದ ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡೂ ಬದಿಗೆ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿದ್ದುದನ್ನು ಹೇಳಿ ಕೈಮುಗಿದು ನಿಲ್ಲುತ್ತಾರೆ. ಮೊದಲು ಬಲಗಡೆಯ ಎಸಳು ಜಾರಿದರೆ ಒಪ್ಪಿಗೆ; ಎಡಗಡೆಯದಾದರೆ ಬೇಡ. ನಮ್ಮ ಮನೆಯಲ್ಲೂ ಕೇಳುತ್ತಿದ್ದರು. ನಾನು ಕಾಲೇಜಿಗೆ ಹೋಗುವಾಗಲೂ ಕೇಳಿದ್ದರಂತೆ. ನನಗೆ ಅದು ಬಲು ತಡವಾಗಿ ಗೊತ್ತಾಯಿತು. ಒದ್ದೆ ಎಸಳು ಒಣಗಿದರೆ ಬೀಳಲೇಬೇಕಲ್ಲ ಎಂದು ಆಗ ನಾನು ತಾಯಿಗೆ ಹೇಳಿದ್ದೂ ನೆನಪಿದೆ.

ಮೇ ಕೊನೆಗೆ ಆಸ್ಪತ್ರೆಯಿಂದ ಕಾಗದ ಬಂತು. ಟೈಪು ಮಾಡಿದ ಇಂಗ್ಲಿಷ್ ಕಾಗದ, ಕೆಳಗೆ ಮೇಟ್ರನ್ನರ ಸಹಿ. ಜಾಗ ಕೊಟ್ಟಿದ್ದೇವೆ, ನಿಶ್ಚಯವಾಗಿ ಸೇರುವೆಯೋ ಇಲ್ಲವೋ ಹತ್ತು ದಿನದೊಳಗೆ ತಿಳಿಸಬೇಕು, ಇಲ್ಲವಾದರೆ ಮುಂದಿನವರಿಗೆ ಕೊಡುತ್ತೇವೆ ಎಂದಿತ್ತು. ಅದೇ ವಾರ ಅವಳ ದೊಡ್ಡಪ್ಪ ತೀರಿಕೊಂಡರು. ಮನೆಗೆ ಸೂತಕ. ಸೂತಕ ಕಳೆಯುವವರೆಗೆ ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ. ಅಲ್ಲಿಗೆ ಆಸ್ಪತ್ರೆಯ ಹತ್ತು ದಿನ ಮುಗಿಯುತ್ತಿತ್ತು.

ಅವಳು ಉತ್ತರವನ್ನು ತಾನೇ ಬರೆದುಕೊಂಡು ಅತ್ತೆಯ ಮನೆಗೆ ಬಂದಳು. ಅಕ್ಷರ ದುಂಡಗಿತ್ತು. ನಾನು ಅದನ್ನು ಒಂದೇ ಉಸಿರಿನಲ್ಲಿ ಓದಿದೆ. ಮೊದಲ ಸಾಲಿನಲ್ಲಿ ವಂದನೆ. ಎರಡನೆಯ ಸಾಲು: ನಮ್ಮ ಊರ ದೇವಿಯ ಅಪ್ಪಣೆಯಾದರೆ ಬರುತ್ತೇನೆ, ಅಪ್ಪಣೆ ಕೇಳಲು ಇನ್ನೂ ಎಂಟು ದಿನ ಬೇಕು, ದಯವಿಟ್ಟು ಅಲ್ಲಿಯವರೆಗೆ ಜಾಗ ಇಡಬೇಕು. ಅಷ್ಟೇ ಕಾಗದ.

"ಇದನ್ನು ಓದಿ ಅವರು ನಗುತ್ತಾರೆ" ಎಂದೆ.

"ನಗಾಡ್ಲಿ ಅಕ್ಕೋರೆ. ಜಾಗ ಇಟ್ರೆ ಸಾಕು."

"ಇಡುವುದಿಲ್ಲ. ನಿಶ್ಚಯವಾಗಿ ಹೇಳು ಎಂದು ಬರೆದಿದ್ದಾರೆ. ನಿನ್ನಂಥ ಹತ್ತು ಜನ ಕಾಯುತ್ತಿದ್ದಾರೆ."

ನಾನು ಪೆನ್ನು ತೆಗೆದೆ. ಕೆಂಪು ಮಸಿಯದೇ ಕೈಗೆ ಸಿಕ್ಕಿತು. ಎರಡನೆಯ ಸಾಲನ್ನು ಪೂರ್ತಿ ಹೊಡೆದು, ಮೇಲೆ 'ಐ ಆ್ಯಮ್ ಜಾಯಿನಿಂಗ್' ಎಂದು ಬರೆದು, ತಾರೀಕು ಹಾಕಿ, ಹೊಸ ಹಾಳೆಯಲ್ಲಿ ನಕಲು ಮಾಡಲು ಕೊಟ್ಟೆ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಇದು ಟಿಕೆಟ್ ಕೈಲಿದ್ರೆ ಬರೆಯೂದಲ್ದಾ?"

"ಹೌದು."

"ನನ್ನ ಕೈಲಿ ಎಂತ ಅದೆ?"

"ಜಾಗ ಇದೆಯಲ್ಲ" ಎಂದೆ. "ಅಪ್ಪ ಹೇಗೂ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೋಗುತ್ತೀ. ಎಡಕ್ಕೆ ಬಿದ್ದರೆ ಬರುವುದಿಲ್ಲ ಎಂದು ಇನ್ನೊಂದು ಕಾಗದ ಬರೆದರಾಯಿತು. ಇದರಿಂದ ಯಾರಿಗೆ ನಷ್ಟ?"

ಇವತ್ತಿಗೂ ಆ ಲೆಕ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವಳು ನಕಲು ಮಾಡಿದಳು. ಟಪಾಲಿಗೆ ನಾನೇ ಹಾಕಿದೆ.

ಸೂತಕ ಕಳೆಯಿತು. ಅವರಲ್ಲಿ ಪ್ರಸಾದ ಕೇಳುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಅವಳ ತಂದೆ ಶುಕ್ರವಾರ ಕೇಳುವುದೆಂದು ಪೂಜಾರಿಗೆ ಹೇಳಿಟ್ಟಿದ್ದರು. ನಡುವೆ ಒಂದು ದಿನ ಸಿರ್ಸಿಗೆ ಹೋಗಿ, ತಗಡಿನ ಟ್ರಂಕೊಂದನ್ನು ಕೊಂಡು ತಂದಿದ್ದರು. ಹಸಿರು ಬಣ್ಣ, ಮುಚ್ಚಳದ ಮೇಲೆ ಒಂದು ಗುಲಾಬಿ. ಬಸ್ಸಿನ ಮೇಲೆ ಹಾಕಿದರೆ ಬಣ್ಣ ಕಿತ್ತು ಹೋದೀತೆಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಇದನ್ನು ಹುಡುಗಿಯೇ ನಗುತ್ತ ನನಗೆ ಹೇಳಿದ್ದಳು.

ಗುರುವಾರ ಮಧ್ಯಾಹ್ನ ಅವರು ಅತ್ತೆಯ ಮನೆಯ ಅಂಗಳದಲ್ಲಿ ಬಂದು ನಿಂತರು. ಮಗಳು ಹಿಂದೆ, ಅಂಗಳದ ಬೇಲಿಯ ದಣಪೆಯ ಹತ್ತಿರ. ಒಳಗೆ ಬನ್ನಿ ಎಂದರೂ ಅವರು ಜಗಲಿಯ ತುದಿಯಲ್ಲೇ ಕೂತರು. ಮಡಿಸಿದ ಕೊಡೆಯೊಳಗಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಆಸ್ಪತ್ರೆಯದು. ಈ ಸಲ ಪೋಷಕರ ಹೆಸರಿಗೆ ಬಂದಿತ್ತು. ಇದೊಂದನ್ನು ನಾನು ಯೋಚಿಸಿರಲಿಲ್ಲ.

"ನಮ್ಮೂರ ಮಾಸ್ತರು ಓದಿ ಹೇಳಿದ್ರು. ಅವರಿಗೆ ಇಂಗ್ಲೀಷು ಅಷ್ಟಕ್ಕಷ್ಟೇ. ಅದ್ಕೆ ನಿಮ್ಮ ಹತ್ರ ಬಂದೆ. ನೀವೊಂದ್ಸಲ ಓದಿ ಅಕ್ಕೋರೆ."

ಓದಿದೆ. ನಿಮ್ಮ ಮಗಳು ಸೇರುತ್ತಿರುವುದು ಸಂತೋಷ, ಹಾಸಿಗೆ ಬಟ್ಟೆ ಇಷ್ಟಿಷ್ಟು ತರತಕ್ಕದ್ದು ಎಂದಿತ್ತು.

"ಇದ್ರಲ್ಲಿ ಇವಳು ಬರ್ತಾಳೆ ಅಂತ ಬರ್ದದ್ಯೋ, ಬಂದ್ರೂ ಬಂದಾಳು ಅಂತ ಬರ್ದದ್ಯೋ?"

ಸುಳ್ಳು ಹೇಳಬಹುದಿತ್ತು. ಅವರು ಕಾದಿದ್ದೂ ಅದಕ್ಕೇ ಇರಬಹುದು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆದರೆ ನಾನು ಆಗ ಪದಕ್ಕೆ ಪದ ಅರ್ಥ ಹೇಳುವವಳು.

"ಬರುತ್ತಾಳೆ ಎಂದಿದೆ" ಎಂದೆ. "ನಾವು ಬರೆದ ಕಾಗದಕ್ಕೆ ಉತ್ತರ ಇದು. ನಾನೇ ಹೇಳಿ ಬರೆಸಿದ್ದು. ಅವಳದ್ದೇನೂ ತಪ್ಪಿಲ್ಲ."

ಅವರು ಕಾಗದವನ್ನು ಮತ್ತೆ ಮಡಚಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

"ಹಂಗಾರೆ ನಾಳೆ ಕೇಳೂಕೆ ಎಂತ ಉಳೀತು?" ಎಂದರು.

"ಕೇಳಿ. ಬೇಡ ಎಂದು ಬಂದರೆ ನಾನೇ ಇನ್ನೊಂದು ಕಾಗದ ಹಾಕುತ್ತೇನೆ."

"ಹಂಗಲ್ಲ ಅಕ್ಕೋರೆ. ಈಗ ನಾನು ನಿಮ್ಮನೇಲಿ ಹೆಣ್ಣು ಕೇಳೂಕೆ ಬರ್ತೆ ಅಂತ ಇಟ್ಕೊಳ್ಳಿ. ಮದ್ವಿ ದಿನ ಇಟ್ಟು, ಊರಿಗೆಲ್ಲ ಕಾಗ್ದ ಹಂಚಿ, ಆಮೇಲೆ ಬಂದು ಕೊಡ್ತ್ರಾ ಅಂತ ಕೇಳಿದ್ರೆ ನಿಮ್ಮ ಅಪ್ಪಯ್ಯ ಎಂತ ಹೇಳ್ತ್ರು?"

"ನೀವು ಟ್ರಂಕು ತಂದಿರಲ್ಲ?" ಎಂದೆ.

"ಟ್ರಂಕು ಮನೆ ಒಳಗೆ ಇಟ್ಟದ್ದು. ಬೇಡ ಅಂದ್ರೆ ಅದ್ರಲ್ಲಿ ಭತ್ತದ ಬೀಜ ಇಡ್ತಿದ್ದೆ. ಮಾತು ಹೊರಗೆ ಹೋಯ್ತಲ್ಲ."

ಮಗಳು ದಣಪೆಯ ಹತ್ತಿರ ನಿಂತೇ ಇದ್ದಳು. ಅವರು ಏಳುವಾಗ ನಾನು, ಕೇಳುವುದು ಬೇಡ, ಕೇಳದೆಯೇ ಕಳಿಸಿ ಎಂದೆ. ಆಗ ಮಾತ್ರ ಅವರು ನನ್ನ ಮುಖ ನೋಡಿದರು. "ಇವಳಬ್ಬೆ ಹೋದ ಮೇಲೆ ನಾನು ಇವಳ ಯಾವ ವಿಷ್ಯಾನೂ ಒಬ್ನೇ ತೀರ್ಮಾನ ಮಾಡಿದ್ದಿಲ್ಲ" ಎಂದರು. ಗಂಡಸೊಬ್ಬ ಹಾಗೆ ಹೇಳಿಕೊಂಡದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆ ಮನೆಯಲ್ಲಿ ದೇವಿ ಎಂದರೆ ಯಾವ ಜಾಗದಲ್ಲಿದ್ದಳು ಎಂಬುದು ಆಗ ಸ್ವಲ್ಪ ತಿಳಿಯಿತು.

ಅತ್ತೆ ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ ಹೊರಗೆ ಬಂದಳು.

"ದೇವರ ಕೇಳುವ ಮೊದ್ಲೇ ಕಾಗ್ದ ಹಾಕಿದ್ಯಲೇ ಕೂಸೆ!"

"ಅತ್ತೆ, ಜಾಗ ಹೋಗುತ್ತಿತ್ತು."

"ಈಗ ಎಂತ ಉಳತ್ತು? ನಿಂಗೆ ಇಂಗ್ಲೀಷ್ ಬತ್ತು, ಹೌದು. ಊರು ಬತ್ತಿಲ್ಲೆ."

ಆಮೇಲೆ ಅವಳೇ ತುಸು ಮೆತ್ತಗಾಗಿ, ಇಂಥದ್ದಕ್ಕೆ ತಪ್ಪುಕಾಣಿಕೆ ಎಂದು ಇದೆ, ತೆಂಗಿನಕಾಯಿ ಇಟ್ಟು ತಪ್ಪಾಯಿತು ಎಂದು ಹೇಳಿಕೊಂಡರೆ ಮತ್ತೆ ಕೇಳಬಹುದೋ ಏನೋ ಎಂದಳು. ನಾನು ಮರುದಿನ ಶಾಲೆಗೆ ರಜೆ ಹಾಕಿದೆ. ಒದ್ದೆ ಎಸಳು ಒಣಗಿದರೆ ಬೀಳಲೇಬೇಕು ಎಂದಿದ್ದವಳು ಕೈಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಿಲ್ಕುಂದದ ದಾರಿ ಹಿಡಿದೆ. ಬಸ್ಸು ಬಿಟ್ಟ ಮೇಲೆ ಕಾಡಿನ ದಾರಿಯಲ್ಲಿ ಬಹಳ ನಡೆಯಬೇಕಿತ್ತು. ದಾರಿಯಲ್ಲಿ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ.

ಅವರು ಗದ್ದೆಯಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದರು. ನನಗೆ ಬೆಲ್ಲ, ನೀರು ಕೊಡಿಸಿದರು. ಕೈಚೀಲದ ತೆಂಗಿನಕಾಯಿ ನೋಡಿ ಅವರಿಗೆ ಅರ್ಥವಾಯಿತು.

"ಬೇಡ ಅಕ್ಕೋರೆ. ತಪ್ಪುಕಾಣಿಕೆ ನಾನು ಬೆಳಿಗ್ಗೇನೇ ಇಟ್ಟು ಬಂದೆ."

"ತಪ್ಪು ನನ್ನದು."

"ಮಗಳು ನಂದು ಅಲ್ದಾ?" ಎಂದರು. "ನಿಮ್ಮ ಹತ್ರ ಕಳಿಸಿದವ ನಾನೇ."

"ಹಾಗಾದರೆ ಈಗ ಕೇಳಬಹುದಲ್ಲ?"

"ಕ್ಷಮಿಸು ಅಂತ ಹೇಳಿದ ಬಾಯಲ್ಲೇ, ಕಳಸ್ಲಾ ಅಂತ ಕೇಳೂದು ಹ್ಯಾಂಗೆ? ಈ ವರ್ಷ ಆಗೂದಲ್ಲ. ಮುಂದಿನ ವರ್ಷ ನೋಡುವ."

ತೆಂಗಿನಕಾಯಿಯನ್ನು ವಾಪಸು ತಂದೆ. ಅತ್ತೆ ಅದನ್ನು ಅಡುಗೆಗೆ ಬಳಸಲಿಲ್ಲ. ಅಟ್ಟದ ಮೇಲೆ ಎಲ್ಲೋ ಇಟ್ಟಳು.

ಎರಡು ದಿನ ಬಿಟ್ಟು ಹುಡುಗಿ ಬಂದಳು. ಕೈಯಲ್ಲಿ ಒಂದು ಹಾಳೆ. ಆಸ್ಪತ್ರೆಗೆ ಬರೆದದ್ದು, ನಾನು ನೋಡಿ ಕೊಡಬೇಕಂತೆ. ಮೇಟ್ರನ್ನರಿಗೆ ವಂದನೆ. ನಾನು ಬರುತ್ತಿಲ್ಲ. ನನ್ನ ಜಾಗವನ್ನು ಮುಂದಿನವರಿಗೆ ಕೊಡಬೇಕಾಗಿ ವಿನಂತಿ. ತೊಂದರೆಗೆ ಕ್ಷಮೆ ಇರಲಿ. ಕಾರಣ ಬರೆದಿರಲಿಲ್ಲ. 'ಇಫ್' ಎಲ್ಲೂ ಇರಲಿಲ್ಲ. ನಾನು ಪೆನ್ನು ಹಿಡಿದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಒಂದು ಅಲ್ಪವಿರಾಮವಾದರೂ ತಪ್ಪಿರಲಿ ಎಂದು ಹುಡುಕಿದೆ.

"ಸರಿ ಅದ್ಯಾ ಅಕ್ಕೋರೆ?"

"ಸರಿ ಇದೆ" ಎಂದೆ.

ಅವಳು ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿದಳು. ಟಪಾಲಿಗೆ ಹಾಕಲು ಈ ಸಲ ನನ್ನ ಕೈಗೆ ಕೊಡಲಿಲ್ಲ.

ಮುಂದಿನ ವರ್ಷ ನೋಡುವ ಎಂದಿದ್ದರು. ಮುಂದಿನ ವರ್ಷದ ಹೊತ್ತಿಗೆ ಗಂಡಿನ ಕಡೆಯವರು ತಾವಾಗಿ ಬಂದರು. ಅದಕ್ಕೆ ಪ್ರಸಾದ ಕೇಳಿದರು, ಬಲಕ್ಕೆ ಆಯಿತು. ಮದುವೆಗೆ ನನಗೂ ಕರೆಯೋಲೆ ಬಂತು. ಹೋಗಲಿಲ್ಲ. ಪರೀಕ್ಷೆಯ ಹಾಳೆ ತಿದ್ದುವುದಿದೆ ಎಂದು ಉತ್ತರ ಬರೆದೆ. ತಿದ್ದುವುದು ಇದ್ದದ್ದು ನಿಜ.

ಆಮೇಲೆ ನನಗೆ ಯಲ್ಲಾಪುರದಲ್ಲಿ ಬೇರೆ ಶಾಲೆಯಾಯಿತು. ಅಲ್ಲಿಯೂ ಅದೇ ಪಾಠ, ಅದೇ ಮೂರು ಸಾಲು. ಟಿಕೆಟ್ಟಿನ ಉದಾಹರಣೆ ಮಾತ್ರ ಬಿಟ್ಟುಬಿಟ್ಟೆ. ಮಕ್ಕಳು ಮಳೆ ಬಿಟ್ಟರೆ, ಅಪ್ಪ ಒಪ್ಪಿದರೆ ಎಂದು ಬರೆದರೆ ಕೆಂಪು ಮಸಿಯಲ್ಲಿ ಹೊಡೆಯುವುದಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಡಿಮೆಯಾಗುತ್ತದೆ ಎಂದು ಬಾಯಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಕಳೆದ ವರ್ಷ ಒಂದು ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಹಿಂದಿನಿಂದ "ಅಕ್ಕೋರೆ" ಎಂದರು. ಅವಳೇ. ಕಂಕುಳಲ್ಲಿ ಎರಡು ವರ್ಷದ ಮಗು, ಪಕ್ಕದಲ್ಲಿ ಹಸಿರು ಟ್ರಂಕು. ಗುಲಾಬಿಯ ಬಣ್ಣ ಅರ್ಧ ಹೋಗಿತ್ತು. ಗಂಡನ ಮನೆ ನಂದೊಳ್ಳಿಯಲ್ಲಂತೆ. ತವರಿನಿಂದ ಬರುತ್ತಿದ್ದಳು. ತಂದೆ ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದಳು.

ನಾನು ಮಗುವಿನ ಕೆನ್ನೆ ಮುಟ್ಟಿದೆ. ಬಿಸಿಯಾಗಿತ್ತು.

"ನೂರು ಅದೆ. ಬೆಳಿಗ್ಗೆ ನೋಡಿದ್ದೆ" ಎಂದಳು. "ಮನೇಲಿ ಒಂದು ಥರ್ಮಾಮೀಟರ್ ಅದೆ. ಊರವರೆಲ್ಲ ನನ್ನ ಹತ್ರನೇ ಬರ್ತ್ರು. ಅವರಿಗೆ ಎಷ್ಟು ತಿರುಗಿಸಿದ್ರೂ ಗೆರೆ ಕಾಣೂದಿಲ್ಲ."

ನಕ್ಕಳು. ನಾನು ಎಷ್ಟೋ ವರ್ಷದಿಂದ ತಿದ್ದಿ ಇಟ್ಟುಕೊಂಡಿದ್ದ ಮಾತನ್ನು ಹೇಳಲು ಹೊರಟೆ. ಅರ್ಧದಲ್ಲೇ ಅವಳು ತಡೆದಳು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕೋರೆ. ಅಪ್ಪಂಗೂ ಇರಲಿಲ್ಲ." ಬಸ್ಸಿನ ಕಡೆ ನೋಡಿ, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಎಡಕ್ಕೆ ಬಿದ್ದಿದ್ರೆ ಒಂದು ಸಮಾಧಾನ ಇರ್ತಿತ್ತು. ಅಷ್ಟೇಯ."

ನಂದೊಳ್ಳಿಯ ಬಸ್ಸು ಬಂತು. ಜನ ನುಗ್ಗಿದರು. ಅವಳು ಟ್ರಂಕನ್ನು ಬಸ್ಸಿನ ಮೇಲೆ ಹಾಕಲು ಬಿಡಲಿಲ್ಲ; ಒಂದು ಬದಿ ಅವಳು, ಒಂದು ಬದಿ ನಾನು ಹಿಡಿದು ಬಾಗಿಲೊಳಗೆ ತಳ್ಳಿದೆವು. ಒಳಗೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಮಗುವನ್ನು ಕೂರಿಸಿಕೊಂಡಳು. ಕಂಡಕ್ಟರ್ ಟಿಕೆಟ್ ಹರಿಯುತ್ತ ಅವಳ ಹತ್ತಿರ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು.